ಕುರ್ಚಿಯ ಬೆಲ್ಟು, ಕಂಬದ ಸೀರೆ

(ಗುರುತು ಸಿಗಬಾರದೆಂದು ಊರು, ವಯಸ್ಸು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ತಾಯಿ, ಟೀಚರ್ ಇಬ್ಬರೂ ಒಪ್ಪಿದ್ದಾರೆ.)

ಆ ತಾಯಿ ನನ್ನ ಹತ್ತಿರ ಆಪ್ತಸಲಹೆಗೆ ಬಂದಿದ್ದು ಡಿಸೆಂಬರ್‌ನಲ್ಲಿ. ಕಾಫಿ ಕೊಯ್ಲಿನ ಸಮಯ. ಸಕಲೇಶಪುರದ ಕಡೆಯ ಒಂದು ಎಸ್ಟೇಟಿನ ಲೈನ್ ಮನೆಯಿಂದ ಎರಡು ಬಸ್ ಬದಲಿಸಿ, ಒಂದು ದಿನದ ಕೂಲಿ ಬಿಟ್ಟು ಹಾಸನಕ್ಕೆ ಬಂದಿದ್ದರು. ಕೂತ ಕೂಡಲೇ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದರು. 9 ವರ್ಷದ ಹುಡುಗನ ಸೊಂಟ. ಎರಡೂ ಕಡೆ ಬೆರಳಗಲದ ಕೆಂಪು ಗೆರೆ.

“ಸ್ಕೂಲಲ್ಲಿ ಕಟ್ಟಿ ಕೂರಿಸ್ತಾರೆ ಮೇಡಂ. ನನ್ ಮಗ ಏನು ದನಾನಾ?”

ಹುಡುಗನನ್ನು ಮನೆಯಲ್ಲಿ ಪುಟ್ಟ ಅಂತಾರೆ. ಇಲ್ಲೂ ಹಾಗೇ ಕರೆಯುತ್ತೇನೆ. ಪುಟ್ಟನಿಗೆ ಆಟಿಸಂ ಇದೆ. ಮಾತು ಬಂದಿಲ್ಲ. ನೀರು ಅಂದರೆ ಪ್ರಾಣ. ಜೋರು ಸದ್ದು ಕೇಳಿದರೆ ಎರಡೂ ಕಿವಿ ಮುಚ್ಚಿಕೊಂಡು ಓಡುತ್ತಾನೆ. ಯಾರಾದರೂ ಅಡ್ಡ ಬಂದರೆ ಕಚ್ಚುತ್ತಾನೆ. ಶಾಲೆಯ ವ್ಯಾನ್ ಬೆಳಿಗ್ಗೆ ಎಸ್ಟೇಟ್ ಗೇಟಿನ ಹತ್ತಿರ ಬಂದು ಕರೆದುಕೊಂಡು ಹೋಗುತ್ತದೆ. ಮಧ್ಯಾಹ್ನ ಮೂರೂವರೆಗೆ ವಾಪಸ್ ಬಿಡುತ್ತದೆ. ಅಪ್ಪ ಲಾರಿಯಲ್ಲಿ ಕೆಲಸ, ಮನೆಗೆ ಬರುವುದು ವಾರಕ್ಕೊಮ್ಮೆ. ಮನೆಯಲ್ಲಿ ತಾಯಿಯ ಅತ್ತೆ, ಅಂದರೆ ಪುಟ್ಟನ ಅಜ್ಜಿ ಇದ್ದಾರೆ, ಅವರಿಗೆ ಮಂಡಿ ನೋವು.

“ಕೇಸ್ ಹಾಕ್ಬಹುದಾ?” ಅಂತ ಕೇಳಿದರು. ಹಾಕಬಹುದು ಅಂದೆ. ಇದನ್ನು ಮುಚ್ಚಿಡುವುದು ಆಪ್ತಸಲಹೆ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಮಗುವನ್ನು ನೋಡಿಕೊಳ್ಳಬೇಕಾದವರೇ ಹಿಂಸೆ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಅದು ಅಪರಾಧ. ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. 1098ಕ್ಕೆ ಫೋನ್ ಮಾಡಿದರೆ ಮಕ್ಕಳ ಸಹಾಯವಾಣಿಯವರು ಸಿಗುತ್ತಾರೆ. ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಕೊಟ್ಟೆ. ಫೋಟೋ ಅಳಿಸಬೇಡಿ, ಇವತ್ತೇ ಡಾಕ್ಟರಿಗೆ ತೋರಿಸಿ, ಅವರು ಬರೆದ ಚೀಟಿ ಜೋಪಾನ ಮಾಡಿ ಅಂದೆ.

ಅವರು ಚೀಟಿಯನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವೇ ಒಂದ್ ಮಾತು ಸ್ಕೂಲಿನವ್ರ ಹತ್ರ ಮಾತಾಡಿ ಮೇಡಂ. ಅವ್ನಿಗೆ ಬೇರೆ ಸ್ಕೂಲಿಲ್ಲ” ಅಂದರು.

ನಾನು ಫೋನ್ ಮಾಡಿದ ಆ ವಾರದ ಶನಿವಾರವೇ ಟೀಚರ್ ಬಂದರು. ಮುಖ್ಯಸ್ಥರು ಕಳಿಸಿದ್ದಲ್ಲ, ತಾವಾಗಿಯೇ ಬಂದಿದ್ದು. ವಯಸ್ಸು 26. ವಿಶೇಷ ಶಿಕ್ಷಣದಲ್ಲಿ ಡಿಪ್ಲೊಮಾ ಮಾಡಿದ್ದಾರೆ. ಶಾಲೆಯಲ್ಲಿ 22 ಮಕ್ಕಳು, ಇಬ್ಬರು ಟೀಚರ್, ಒಬ್ಬರು ಆಯಾ. ಎಡಗೈ ಮೇಲೆ ಹಲ್ಲಿನ ಗುರುತುಗಳಿದ್ದವು. ಅದನ್ನು ವೇಲ್‌ನಿಂದ ಮುಚ್ಚಿಕೊಳ್ಳುತ್ತಿದ್ದರು.

ಪುಟ್ಟನನ್ನು ಕಟ್ಟಿ ಕೂರಿಸುತ್ತಿದ್ದ ಕುರ್ಚಿಯ ಕತೆ ಕೇಳಿದೆ. ಅದು ಸಿಪಿ ಚೇರ್. ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಮೈಯ ಹಿಡಿತ ತಪ್ಪಿರುವ ಮಕ್ಕಳಿಗಾಗಿ ಮಾಡಿದ್ದು. ಬೆನ್ನು ನೇರ ನಿಲ್ಲದ ಮಗುವಿಗೆ ಆ ಬೆಲ್ಟು ಆಸರೆ. ಅದಿದ್ದರೆ ಆ ಮಗು ಕೈ ಚಾಚಿ ಆಟದ ಸಾಮಾನು ಹಿಡಿಯಬಹುದು, ತಾನೇ ಉಣ್ಣಬಹುದು. ಎಷ್ಟು ಹೊತ್ತು, ಹೇಗೆ ಅಂತ ಫಿಸಿಯೋಥೆರಪಿಸ್ಟ್ ಹೇಳಿರುತ್ತಾರೆ. ಅದೇ ಕುರ್ಚಿಯಲ್ಲಿ ಓಡಾಡುವ ಮಗುವನ್ನು ಏಳದ ಹಾಗೆ ಕೂರಿಸಿದರೆ ಅದು ಕಟ್ಟಿಹಾಕಿದ ಹಾಗೇ. ಬೆಲ್ಟು ಒಂದೇ. ಒಬ್ಬನಿಗೆ ಅದರಿಂದ ಕೈ ಬಿಡುವಾಗುತ್ತದೆ, ಇನ್ನೊಬ್ಬನಿಗೆ ಕಾಲು ಕಟ್ಟಿದಂತಾಗುತ್ತದೆ. ಈ ವ್ಯತ್ಯಾಸ ಎಷ್ಟೋ ಕಡೆ ಗೊತ್ತಿಲ್ಲ. ಗೊತ್ತಿದ್ದರೂ ಊಟದ ಹೊತ್ತಿನ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ.

ಆಮೇಲೆ ಟೀಚರ್ ನಾನು ಕೇಳದೇ ಇದ್ದದ್ದನ್ನು ಹೇಳಿದರು. ನವೆಂಬರ್‌ನಲ್ಲಿ ಒಂದು ದಿನ ಪುಟ್ಟ ಬೇರೆ ಮಗುವಿನ ಕೂದಲು ಹಿಡಿದಿದ್ದ. ಬಿಡಿಸಲು ಹೋಗಿ ಇವರೂ ಆಯಾನೂ ಸೇರಿ ಅವನನ್ನು ನೆಲದ ಮೇಲೆ ಬೋರಲು ಮಲಗಿಸಿ ಅದುಮಿ ಹಿಡಿದರು. ಆಯಾ ಬೆನ್ನಿನ ಮೇಲೆ ಭಾರ ಬಿಟ್ಟಿದ್ದರು. “ಒಂದೆರಡು ನಿಮಿಷಕ್ಕೆ ಅವನು ಸುಮ್ಮನಾದ ಮೇಡಂ. ಸದ್ಯ, ಶಾಂತ ಆದ ಅಂದ್ಕೊಂಡೆ. ಮುಖ ತಿರುಗಿಸಿ ನೋಡಿದ್ರೆ ತುಟಿ ಬಣ್ಣ ಬದಲಾಗಿತ್ತು.” ತಕ್ಷಣ ಎತ್ತಿ ಕೂರಿಸಿದ್ದಾರೆ. ಉಸಿರು ಸರಿಯಾಯಿತು. ಅಂದಿನಿಂದ ಟೀಚರಿಗೆ ನಿದ್ದೆ ಇಲ್ಲ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಬೋರಲು ಮಲಗಿಸಿ ಬೆನ್ನಿನ ಮೇಲೆ ಭಾರ ಹಾಕಿದರೆ ಎದೆಗೂಡು ಹಿಗ್ಗುವುದಿಲ್ಲ, ಹೊಟ್ಟೆ ಅದುಮಿಕೊಳ್ಳುತ್ತದೆ, ಉಸಿರು ಒಳಗೆ ಹೋಗುವುದಿಲ್ಲ. ಉಸಿರಿಗಾಗಿ ಮಗು ಕೊಸರಾಡುತ್ತದೆ. ಹಿಡಿದವರು ಹಟ ಅಂದುಕೊಂಡು ಇನ್ನೂ ಬಿಗಿ ಹಿಡಿಯುತ್ತಾರೆ. ಆಮೇಲೆ ಬರುವ ಮೌನವನ್ನು ಶಾಂತಿ ಅಂದುಕೊಳ್ಳುತ್ತಾರೆ. ಹೀಗೇ ಬೇರೆ ಬೇರೆ ದೇಶಗಳಲ್ಲಿ ಮಕ್ಕಳು, ದೊಡ್ಡವರು ಪ್ರಾಣ ಕಳೆದುಕೊಂಡಿದ್ದಾರೆ. ಮಕ್ಕಳನ್ನು ನೋಡಿಕೊಳ್ಳುವ ಪ್ರತಿಯೊಬ್ಬರಿಗೂ, ಆಯಾ, ವ್ಯಾನ್ ಡ್ರೈವರ್ ಸಹಿತ, ಇದು ಮೊದಲ ದಿನವೇ ಗೊತ್ತಿರಬೇಕು.

ಟೀಚರಿಗೆ ನಾನು ಎರಡು ಮಾತು ಹೇಳಿದೆ. ನಿಮ್ಮ ಮೈ ನಡುಗುವುದು, ನಿದ್ದೆ ಬಾರದಿರುವುದು ಆ ದಿನದ ಗಾಯ, ಅದಕ್ಕೂ ಇಲ್ಲಿ ಜಾಗ ಇದೆ ಅಂದೆ. ಇನ್ನೊಂದು ಕಷ್ಟದ ಮಾತು. “ಇದನ್ನು ಆ ತಾಯಿಗೆ ನೀವೇ ಹೇಳಬೇಕು. ಈ ವಾರದಲ್ಲೇ.” ಅವರು ಅತ್ತರು. ಹೇಳಿದರೆ ಕೆಲಸ ಹೋಗುತ್ತದೆ ಅಂದರು. ಹೋಗಬಹುದು ಅಂದೆ. ಆದರೆ ಆ ಮಗು ಬಾಯಿ ಬಿಟ್ಟು ಹೇಳಲಾರದು ಅಲ್ವಾ?

ಮುಂದಿನ ಗುರುವಾರ ಮೂವರೂ ಕೂತೆವು. ಟೀಚರ್ ಹೇಳಿ ಮುಗಿಸಿದರು. ತಾಯಿ ಬಹಳ ಹೊತ್ತು ನೆಲ ನೋಡುತ್ತಿದ್ದರು. ಆಮೇಲೆ ಒಂದೇ ಪ್ರಶ್ನೆ. “ಎಷ್ಟೊತ್ತು ಹಿಡ್ಕೊಂಡಿದ್ರಿ?”

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಟೀಚರ್ ಹೋದ ಮೇಲೆ ಬಾಗಿಲು ಹಾಕಿ ಬಂದು ಹೇಳಿದರು. “ನಾನೂ ಕಟ್ತೀನಿ ಮೇಡಂ.”

ಎರಡು ವರ್ಷದ ಹಿಂದೆ ಪುಟ್ಟ ಮನೆಯಿಂದ ತಪ್ಪಿಸಿಕೊಂಡು ಎಸ್ಟೇಟಿನ ಕೆರೆಗೆ ಇಳಿದಿದ್ದ. ಮೆಣಸಿನ ಬಳ್ಳಿ ಕಟ್ಟುತ್ತಿದ್ದ ಆಳೊಬ್ಬರು ನೋಡಿ ಎಳೆದು ತಂದರು. ಅಂದಿನಿಂದ, ವ್ಯಾನ್ ಬಿಟ್ಟ ಮೂರೂವರೆಯಿಂದ ತಾಯಿ ಕೆಲಸ ಮುಗಿಸಿ ಬರುವ ಐದರವರೆಗೆ, ಜಗಲಿಯ ಕಂಬಕ್ಕೆ ಹಳೆ ಸೀರೆಯಲ್ಲಿ ಕಟ್ಟುತ್ತಾರೆ. ಕಟ್ಟುವುದು ಅಜ್ಜಿ, ಗಂಟು ಕಲಿಸಿದ್ದು ತಾಯಿ. ಪಕ್ಕದ ಮನೆಯವರ ಮಾತು ಕೇಳಿ ಕೆಲವು ದಿನ ನಿದ್ದೆ ಬರಲಿ ಅಂತ ಕೆಮ್ಮಿನ ಸಿರಪ್ಪನ್ನೂ ಕೊಟ್ಟಿದ್ದಾರೆ.

ನಾನು ಬೈಯಲಿಲ್ಲ. ಮಗುವನ್ನು ಉಳಿಸಿಕೊಳ್ಳಬೇಕು ಅಂತಲೇ ಆ ಗಂಟು ಹಾಕಿದ್ದು. ಆದರೆ ಅಪಾಯವನ್ನು ಮುಚ್ಚಿಡಲಿಲ್ಲ. ಸೊಂಟದ ಗಂಟು ಕುತ್ತಿಗೆಗೆ ಜಾರಬಹುದು. ಹಾವು ಬಂದರೆ, ಬೆಂಕಿ ಬಿದ್ದರೆ ಕಟ್ಟಿದ ಮಗು ಎಲ್ಲಿಗೆ ಓಡಬೇಕು? 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ ಮಾನಸಿಕ ಅಸ್ವಸ್ಥರನ್ನು ಇರಿಸಿಕೊಂಡಿದ್ದ ಒಂದು ಚಪ್ಪರಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದರಿಂದ ಓಡಲಾಗದೆ 28 ಜನ ಸತ್ತರು. ಸಿರಪ್ಪಿನ ಬಗ್ಗೆಯೂ ಹೇಳಿದೆ. ಮಗುವನ್ನು ಸುಮ್ಮನಿರಿಸಲು ಔಷಧಿ ಕೊಡುವುದೂ ಒಂಥರ ಕಟ್ಟುವುದೇ, ಹಗ್ಗ ಕಾಣುವುದಿಲ್ಲ ಅಷ್ಟೇ. ಡಾಕ್ಟರ್ ಹೇಳದೆ ಇನ್ನೊಂದು ಹನಿಯೂ ಬೇಡ ಅಂದೆ.

ಸಲಹೆ ಶುರುವಾಗಿದ್ದು ಒಂದು 40 ಪುಟದ ನೋಟ್‌ಬುಕ್ಕಿನಿಂದ. ಉದ್ದಕ್ಕೆ ಮೂರು ಕಾಲಂ. ಮೊದಲು ಏನಾಯಿತು, ಅವನೇನು ಮಾಡಿದ, ಆಮೇಲೆ ನಾವೇನು ಮಾಡಿದೆವು. ಪಕ್ಕದಲ್ಲಿ ಗಂಟೆ. ನೋಟ್‌ಬುಕ್ ಅವನ ಬ್ಯಾಗಿನಲ್ಲೇ ಹೋಗಿ ಬರಬೇಕು. ತಾಯಿಗೆ ಬರೆಯಲು ಕಷ್ಟ, ಅತ್ತೆಗೆ ಓದು ಬಾರದು. ಹಾಗಾಗಿ ಮನೆಯ ಭಾಗವನ್ನು ಎಸ್ಟೇಟಿನ ಒಬ್ಬ ಹೈಸ್ಕೂಲ್ ಹುಡುಗಿ ಬರೆದುಕೊಟ್ಟಳು. ಹದಿನೈದು ದಿನ ಬೇರೆ ಏನನ್ನೂ ಬದಲಿಸಬೇಡಿ, ಬರೀ ಬರೆಯಿರಿ, ಆದರೆ ಬೋರಲು ಮಲಗಿಸುವುದು, ಸಿರಪ್ ಕೊಡುವುದು ಮಾತ್ರ ಇವತ್ತಿಗೇ ನಿಲ್ಲಬೇಕು ಅಂದೆ.

ನೋಟ್‌ಬುಕ್ ಬಿಚ್ಚಿ ಕೂತ ಆ ಸಂಜೆ ನನಗೆ ಇನ್ನೂ ನೆನಪಿದೆ. 14 ಸಲ ಗಲಾಟೆ ಆಗಿತ್ತು. ಅದರಲ್ಲಿ 11 ಸಲ ಬೆಳಿಗ್ಗೆ 11:45ರಿಂದ 12:15ರ ಒಳಗೆ. ಟೀಚರ್ ಗಡಿಯಾರ ನೋಡಿದವರಂತೆ ಗೋಡೆ ನೋಡಿದರು. “ಕುಕ್ಕರ್” ಅಂದರು. ಶಾಲೆಯ ಅಡುಗೆಮನೆ ತರಗತಿಗೆ ಅಂಟಿಕೊಂಡೇ ಇದೆ. ಅನ್ನದ ಕುಕ್ಕರ್ ಕೂಗುವ ಹೊತ್ತಿಗೇ ಮಕ್ಕಳನ್ನು ಕೈತೊಳೆಯಲು ಸಾಲಾಗಿ ನಿಲ್ಲಿಸುತ್ತಾರೆ. ಹಿಂದಿನಿಂದ ತಳ್ಳಾಟ, ಮುಂದೆ ನಲ್ಲಿ ನೀರು, ಅದು ಅವನಿಗೆ ಸಿಗುವುದು ಕೊನೆಗೆ.

ಮೂರನೇ ಕಾಲಂನಲ್ಲಿ ಇನ್ನೊಂದು ವಿಷಯವಿತ್ತು. ಕುರ್ಚಿಗೆ ಕಟ್ಟಿದ ಐದೇ ನಿಮಿಷಕ್ಕೆ ಅವನು ಸುಮ್ಮನಾಗುತ್ತಿದ್ದ. ಅದಕ್ಕೇ ಎಲ್ಲರೂ ಕಟ್ಟಿದರೆ ಸರಿಹೋಗುತ್ತೆ ಅಂತ ನಂಬಿದ್ದರು. ಆ ಕುರ್ಚಿ ಎಲ್ಲಿತ್ತು ಗೊತ್ತಾ? ಶಾಲೆಯ ಹಿಂದಿನ ಕೋಣೆಯ ಮೂಲೆಯಲ್ಲಿ. ಅಡುಗೆಮನೆಯಿಂದ ದೂರ, ಅಲ್ಲಿ ವಿಸಿಲ್ ಕೇಳಿಸುವುದೇ ಇಲ್ಲ. ಅವನಿಗೆ ಬೇಕಾಗಿದ್ದುದು ಆ ಮೂಲೆ. ಅಲ್ಲಿಗೆ ಹೋಗಲು ಅವನು ಕಚ್ಚಬೇಕಿತ್ತು, ಕೂದಲು ಹಿಡಿಯಬೇಕಿತ್ತು.

ಹೊಟ್ಟೆಯ ವಿಷಯವೂ ಬಂತು. ಎರಡು ಮೂರು ದಿನ ಕಕ್ಕಸಿಗೆ ಹೋಗದಿದ್ದಾಗ ಮನೆಯಲ್ಲಿ ತಲೆ ಚಚ್ಚಿಕೊಳ್ಳುವುದು ಜಾಸ್ತಿ. ಮಕ್ಕಳ ಡಾಕ್ಟರ್ ಮಲಬದ್ಧತೆಗೆ ಔಷಧಿ ಕೊಟ್ಟರು. ಮಾತು ಬಾರದ ಮಗುವಿನ ನಡತೆ ದಿಢೀರನೆ ಕೆಟ್ಟರೆ ಹಲ್ಲು, ಕಿವಿ, ಹೊಟ್ಟೆ ಮೂರನ್ನೂ ಮೊದಲು ತೋರಿಸಿ ಅಂತ ನಾನು ಎಲ್ಲ ಪೋಷಕರಿಗೂ ಹೇಳುತ್ತೇನೆ.

ಶಾಲೆಯಲ್ಲಿ ಮಾಡಿದ ಬದಲಾವಣೆಗೆ ದುಡ್ಡು ಬೇಕಾಗಲಿಲ್ಲ. ಕುಕ್ಕರ್ ಹನ್ನೊಂದಕ್ಕೇ ಇಡುತ್ತಾರೆ, ಆಗ ಮಕ್ಕಳು ಅಂಗಳದಲ್ಲಿರುತ್ತಾರೆ. ಕೈತೊಳೆಯಲು ಪುಟ್ಟ ಮೊದಲು, ಒಬ್ಬನೇ. ಹಿಂದಿನ ಕೋಣೆಯ ಮೂಲೆಯಲ್ಲಿ ಚಾಪೆ, ದಿಂಬು. ಬಾಗಿಲಿಗೆ ಚಿಲಕ ಹಾಕುವ ಹಾಗಿಲ್ಲ. ತಾನೇ ಹೋಗಬೇಕು, ತಾನೇ ಬರಬೇಕು. ಚಿಲಕ ಬಿದ್ದ ದಿನ ಅದು ಕೂಡಿಹಾಕುವ ಕೋಣೆ ಆಗುತ್ತದೆ ಅಂತ ಖಡಾಖಂಡಿತವಾಗಿ ಹೇಳಿದೆ. ಮಾತು ಬಾರದ ಅವನು ಬೇಕಾದ್ದನ್ನು ಮುಟ್ಟಿ ತೋರಿಸಲು ಮಾಡಿಸಿದ ಕಾರ್ಡುಗಳಿಗೆ ಮಾತ್ರ ಸ್ವಲ್ಪ ಖರ್ಚು. ಅವನ ಲೋಟ, ಕಕ್ಕಸು, ಆ ಚಾಪೆ, ಇವುಗಳ ಫೋಟೋ ಮೊಬೈಲಿನಲ್ಲೇ ತೆಗೆದು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿದರು. ಒಂದು ಕಾರ್ಡ್ ಬರೀ ಅಂಗೈ ಚಿತ್ರ. ಅದರ ಅರ್ಥ ‘ಸಾಕು’. ಅದನ್ನು ಮುಟ್ಟಿದರೆ ಯಾರೂ ಪ್ರಶ್ನೆ ಕೇಳುವಂತಿಲ್ಲ, ಬಿಟ್ಟುಬಿಡಬೇಕು. ಅದನ್ನು ಕಲಿಯಲು ಅವನಿಗೆ ಐದು ವಾರ ಹಿಡಿಯಿತು.

ಮುಖ್ಯಸ್ಥರು ಒಪ್ಪಲು ತಡ ಮಾಡಿದರು. “ಜನ ಇಲ್ಲ ಮೇಡಂ, ಏನ್ ಮಾಡೋದು?” ಅನ್ನುವುದೇ ಅವರ ಮಾತು. ಅವರ ಕಷ್ಟ ನಿಜ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಸೆಕ್ಷನ್ ಓದಿ ಹೇಳಿದೆ. ಅದು ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ ಮಾಡಿದ ಕಾನೂನು. ಶಾಲೆಗೆ ನೇರವಾಗಿ ಬರುವುದಿಲ್ಲ. ಆದರೂ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಕೂಡಲೇ ಆಗಲಿರುವ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ಕಟ್ಟಬಹುದು. ಅಗತ್ಯಕ್ಕಿಂತ ಒಂದು ಕ್ಷಣವೂ ಜಾಸ್ತಿ ಇಲ್ಲ. ಶಿಕ್ಷೆಯಾಗಿ ಇಲ್ಲ. ಸಿಬ್ಬಂದಿ ಕಡಿಮೆ ಅನ್ನುವ ಕಾರಣಕ್ಕೂ ಇಲ್ಲ. ರೋಗಿಯ ಪರವಾಗಿ ಇರುವವರಿಗೆ 24 ಗಂಟೆಯೊಳಗೆ ತಿಳಿಸಬೇಕು. ದೊಡ್ಡ ಆಸ್ಪತ್ರೆಗೇ ಇಷ್ಟು ಕಟ್ಟುನಿಟ್ಟು ಇರುವಾಗ 9 ವರ್ಷದ ಮಗುವಿಗೆ ನಾವು ಅದಕ್ಕಿಂತ ಸಡಿಲ ಇರಬಹುದಾ ಅಂತ ಕೇಳಿದೆ. ಈಗ ಶಾಲೆಯಲ್ಲೊಂದು ರಿಜಿಸ್ಟರ್ ಇದೆ. ಹಿಡಿದರೆ ಯಾರು, ಎಷ್ಟು ನಿಮಿಷ, ಯಾಕೆ ಅಂತ ಬರೆಯಬೇಕು. ಅವತ್ತೇ ಸಂಜೆ ಮನೆಗೆ ಫೋನ್ ಹೋಗಬೇಕು.

ಹಿಡಿಯಲೇಬಾರದು ಅಂತ ನಾನು ಹೇಳಿಲ್ಲ. ಬಸ್ಸಿನ ಮುಂದೆ ಓಡುವ ಮಗುವಿನ ರಟ್ಟೆ ಹಿಡಿಯದೆ ಇರಲು ಆಗುತ್ತಾ? ಹಿಡಿಯಲೇಬೇಕಾದರೆ ನಿಂತಲ್ಲೇ ಅಥವಾ ಕೂತಲ್ಲೇ, ಪಕ್ಕದಿಂದ. ಎದೆ, ಬೆನ್ನು, ಕುತ್ತಿಗೆ ಮೇಲೆ ಭಾರ ಬೇಡ. ಒಬ್ಬರ ಕಣ್ಣು ಅವನ ಮುಖದ ಮೇಲೇ ಇರಲಿ. ಅಪಾಯ ಕಳೆದ ಕೂಡಲೇ ಕೈ ಬಿಡಿ. ಉಳಿದದ್ದನ್ನು ತರಬೇತಿ ಇರುವವರಿಂದಲೇ ಕಲಿಯಿರಿ ಅಂದೆ.

ಮನೆಯದು ಇನ್ನೂ ಕಷ್ಟವಿತ್ತು. ಕೆರೆಯನ್ನು ಯಾರೂ ಸರಿಸಲಾರರು. ಎಸ್ಟೇಟಿನಲ್ಲಿ ಕೆಲಸ ಹಂಚುವ ರೈಟರ್ ಹತ್ತಿರ ಮಾತಾಡಿ ಅಂದಾಗ ತಾಯಿ ಹೆದರಿದರು. ಏನು ಹೇಳಬೇಕು ಅಂತ ಇಲ್ಲೇ ಮೂರು ಸಲ ಹೇಳಿಸಿದೆ. ರೈಟರ್ ಒಪ್ಪಿದರು. ಈಗ ಮಧ್ಯಾಹ್ನದ ಮೇಲೆ ಇವರಿಗೆ ಕಣದಲ್ಲಿ ಕಾಫಿ ಹರಡುವ ಕೆಲಸ, ಕಣ ಮನೆಯ ಎದುರಿಗೇ ಇದೆ. ಜಗಲಿಯ ಗೇಟಿಗೆ ಎತ್ತರದಲ್ಲಿ ಚಿಲಕ ಬಂತು. ಆ ಗೇಟಿಗೆ ಅಜ್ಜಿ ತಮ್ಮ ಹಳೇ ದನದ ಗಂಟೆ ಕಟ್ಟಿದರು. ಅಲುಗಿದರೆ ಕಣದವರೆಗೂ ಕೇಳುತ್ತದೆ. ನೀರಿನ ಆಸೆಗೆ ಅಂಗಳದಲ್ಲೊಂದು ಅಗಲ ಬೋಗುಣಿ, ಒಂದು ಚೊಂಬು. ಬೋಗುಣಿಯಲ್ಲಿ ಗೇಣುದ್ದ ನೀರಿದ್ದರೂ ಕಣ್ಣು ಅಲ್ಲೇ ಇರಬೇಕು, ಆಟ ಮುಗಿದ ಮೇಲೆ ಚೆಲ್ಲಬೇಕು ಅಂತ ಅಜ್ಜಿಗೆ ಎರಡೆರಡು ಸಲ ಹೇಳಿದೆ.

ತಾಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರ ಮೂಲಕ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಿದ್ದಾಯಿತು. ನಿರಾಮಯ ಆರೋಗ್ಯ ವಿಮೆಯ ವಿವರವನ್ನೂ ಕೊಟ್ಟೆ, ಆಟಿಸಂ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ತಾಯಿಗೆ ರಾತ್ರಿ ಹೊತ್ತು ಎದೆ ಒತ್ತಿದ ಹಾಗಾದರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ 14416 ಬರೆದುಕೊಟ್ಟೆ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎರಡು ಸಲ ಮಾಡಿದ್ದಾರಂತೆ.

ಮಾರ್ಚ್ ಕೊನೆಯವರೆಗೆ ಶಾಲೆಯಲ್ಲಿ ಎರಡು ಸಲ ಹಿಡಿದಿದ್ದಾರೆ, ಎರಡೂ ಒಂದು ನಿಮಿಷದ ಒಳಗೆ. ಸಿಪಿ ಚೇರ್‌ನಲ್ಲಿ ಈಗ ಅದು ಬೇಕಾದ ಮಗು ಕೂರುತ್ತದೆ. ಮನೆಯಲ್ಲಿ ಒಂದು ದಿನ ಮತ್ತೆ ಸೀರೆ ಕಟ್ಟಿದರು. ಅಜ್ಜಿಗೆ ಜ್ವರ, ತಾಯಿ ಔಷಧಿಗೆ ಹೋಗಬೇಕಿತ್ತು. ಸಂಜೆ ಅವರೇ ಫೋನ್ ಮಾಡಿ ಹೇಳಿದರು. ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆಸಿದ್ದರು.

ಟೀಚರ್ ಈಗ ಆ ಶಾಲೆಯಲ್ಲೇ ಇದ್ದಾರೆ. ತಾಯಿ ದೂರು ಕೊಟ್ಟಿಲ್ಲ. ಕ್ಷಮಿಸಿಯೂ ಇಲ್ಲ. “ಮಾತಾಡ್ತೀನಿ ಮೇಡಂ, ಆದ್ರೆ ಮುಖ ನೋಡಿದ್ರೆ ಆ ಎರಡು ನಿಮಿಷ ನೆನಪಾಗುತ್ತೆ” ಅನ್ನುತ್ತಾರೆ. ಕ್ಷಮಿಸಿ ಅಂತ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ನಾನು ಕೊಟ್ಟ ಚೀಟಿ ಇನ್ನೂ ಅವರ ಪರ್ಸಿನಲ್ಲೇ ಇದೆ. ಮುಂದಿನ ಭೇಟಿ ಶಾಲೆ ಶುರುವಾದ ಮೇಲೆ, ಜೂನ್ ಎರಡನೇ ವಾರ. ರಜೆಯ ಎರಡು ತಿಂಗಳು ಹಗಲು ಹೊತ್ತು ಪುಟ್ಟನನ್ನು ಯಾರು ನೋಡಿಕೊಳ್ಳಬೇಕು ಅನ್ನುವುದಕ್ಕೆ ಈಗ ದಿನಕ್ಕೊಬ್ಬರ ಪಟ್ಟಿ ಮಾಡುತ್ತಿದ್ದೇವೆ. ಭಾನುವಾರ ಅಪ್ಪ, ಬುಧವಾರ ಆ ಹೈಸ್ಕೂಲ್ ಹುಡುಗಿ. ಗುರುವಾರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ.