‘ನೀರು ಚಲೋ ಇಲ್ಲ’ ಅಂತಷ್ಟೇ ಬರೆದರೆ ಸಾಲದು

ಓದುಗರ ಪ್ರಶ್ನೆಗೆ ಧಾರವಾಡದ ನಿವೃತ್ತ ಎಂಜಿನಿಯರ್ ಉತ್ತರ

ಪ್ರಶ್ನೆ: ಸರ್, ನಮ್ಮೂರಲ್ಲಿ ಬೇಸಿಗೆ ಬಂದರೆ ಹೊಳೆ ನೀರಿನ ಲೈನ್ ನಿಂತು ಬೋರಿನ ನೀರೇ ಗತಿ. ಮಕ್ಕಳ ಹಲ್ಲು ಕಂದು ಕಟ್ಟುತ್ತಿವೆ. ಶುದ್ಧ ನೀರಿನ ಘಟಕ ಕೆಟ್ಟು ನಿಂತಿದೆ. ಹೊಸ ಘಟಕ ಕೇಳಿದರೆ ಪಂಚಾಯಿತಿಯವರು ‘ಅನುದಾನ ಇಲ್ಲ’ ಅಂತಾರೆ. ಸಂಘದ ಹೆಣ್ಣುಮಕ್ಕಳೆಲ್ಲ ಕೂಡಿ ಅರ್ಜಿ ಕೊಡಬೇಕೆಂದಿದ್ದೇವೆ. ಹೇಗೆ ಬರೆಯಬೇಕು?
– ಓದುಗರು, ಮುಂಡರಗಿ ತಾಲ್ಲೂಕು

ಉತ್ತರ: ತಂಗೀ, ಹೊಸ ಘಟಕದ ಮಾತು ಸ್ವಲ್ಪ ಬದಿಗಿಡಿ. ಮೊದಲು ಆ ಬೋರಿನ ನೀರು ಪರೀಕ್ಷೆಯಾಗಲಿ. ಗ್ರಾಮೀಣ ನೀರು ಸರಬರಾಜು ವಿಭಾಗದಲ್ಲಿ ನೌಕರಿಯಲ್ಲಿದ್ದಾಗ ಇಂಥ ಅರ್ಜಿಗಳನ್ನು ಬಹಳ ಓದಿದ್ದೇನೆ. ‘ನೀರು ಚಲೋ ಇಲ್ಲ, ದಯವಿಟ್ಟು ಕ್ರಮ ಕೈಗೊಳ್ಳಿ’ ಎಂದಷ್ಟೇ ಇದ್ದವು ಕಡತದ ತಳಕ್ಕೆ ಹೋಗುತ್ತಿದ್ದವು. ಯಾವ ಬೋರು, ಮಕ್ಕಳ ಹಲ್ಲಿಗೆ ಕಲೆ ಕಟ್ಟಿಸುವ ಫ್ಲೋರೈಡ್ ಎಂಬ ಲವಣ ನೀರಿನಲ್ಲಿ ಎಷ್ಟು, ಯಾವ ತಾರೀಕಿನ ವರದಿ ಎಂದು ಬರೆದಿದ್ದ ಅರ್ಜಿಗೆ ಮಾತ್ರ ಮೇಲಿನವರು ಉತ್ತರ ಕೊಡಲೇಬೇಕಾಗುತ್ತಿತ್ತು.

ಬೋರನ್ನು ಸ್ವಲ್ಪ ಹೊತ್ತು ಓಡಲು ಬಿಡಿ. ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಗಲಬರಿಸಿ, ತುಂಬಿ, ಜಾಗ ಮತ್ತು ತಾರೀಕು ಬರೆದು ಇಲಾಖೆಯ ಪ್ರಯೋಗಾಲಯಕ್ಕೆ ಕೊಡಿ. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುತ್ತದೆ. ಜಲಜೀವನ್ ಮಿಷನ್ನಿನಲ್ಲಿ ಈ ಪ್ರಯೋಗಾಲಯಗಳನ್ನು ಜನಸಾಮಾನ್ಯರಿಗೂ ತೆರೆದಿದ್ದಾರೆ. ಪ್ರತಿ ಹಳ್ಳಿಯಲ್ಲಿ ಐದು ಜನ ಹೆಣ್ಣುಮಕ್ಕಳಿಗೆ ಪರೀಕ್ಷಾ ಕಿಟ್ ಬಳಸಲು ತರಬೇತಿ ಕೊಡಬೇಕೆಂಬ ನಿಯಮವೂ ಇದೆ. ನಿಮ್ಮೂರಿನ ಆ ಐವರು ಯಾರು ಎಂದು ಪಿಡಿಒ ಅವರನ್ನು ಕೇಳಿ. ಯಾರೂ ಇಲ್ಲದಿದ್ದರೆ ನಿಮ್ಮ ಸಂಘದವರ ಹೆಸರನ್ನೇ ಕೊಡಿ. ಕುಡಿಯುವ ನೀರಿನ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದರಾಚೆ ಹೋಗಿದ್ದರೆ ಆ ನೀರನ್ನು ಕುಡಿಯಲೂ ಅಡುಗೆಗೂ ಬಳಸಬಾರದು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದದ್ದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ.

ನನ್ನ ಮನಸ್ಸಿಗೆ ಚುಚ್ಚುವುದು ಮಕ್ಕಳ ವಿಷಯ. ಖಾಯಂ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವುದು ಸುಮಾರು ಎಂಟು ವರ್ಷದೊಳಗೆ. ಕಲೆ ಬೀಳುವುದೂ ಆಗಲೇ. ಆದ್ದರಿಂದ ಅನುದಾನ ಬರುವವರೆಗೆ ಕಾಯಬೇಡಿ. ಹೊಳೆ ನೀರು ಬಂದ ದಿನ ಅಂಗನವಾಡಿಯ ಕುಡಿಯುವ ನೀರು, ಅಡುಗೆ ನೀರು ಬೇರೆ ತುಂಬಿಸಿಡಿ. ಹೊಳೆ ನೀರು, ಬೋರಿನ ನೀರು ಎರಡೂ ಒಂದೇ ಟ್ಯಾಂಕಿಗೆ ಬೀಳುತ್ತಿದ್ದರೆ ಬೇರೆ ಮಾಡಿಸಿ.

ಇನ್ನು ರೊಕ್ಕದ ಮಾತು. 2021-26ರ ಅವಧಿಗೆ ಪಂಚಾಯಿತಿಗಳಿಗೆ ಕೊಟ್ಟ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ನಿರ್ಬಂಧಿತ ಎಂದಿತ್ತು, ಗೊತ್ತುಪಡಿಸಿದ ಕೆಲಸಕ್ಕೇ ಖರ್ಚಾಗಬೇಕು. ಆ ಶೇ 60ರಲ್ಲಿ ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ, ನೀರಿನ ಮರುಬಳಕೆಗೆ, ಇನ್ನರ್ಧ ನೈರ್ಮಲ್ಯಕ್ಕೆ. ಪಂಚಾಯಿತಿಯ ಖರ್ಚಿನ ಲೆಕ್ಕ ಇ-ಗ್ರಾಮ್ ಸ್ವರಾಜ್ ತಾಣದಲ್ಲಿ ಎಲ್ಲರೂ ನೋಡಬಹುದು. ಸಂಘದ ಹುಡುಗಿಯರ ಮೊಬೈಲಿನಲ್ಲೇ ತೆಗೆದು, ನೀರಿನ ಪಾಲು ಯಾವುದಕ್ಕೆ ಹೋಗಿದೆ ನೋಡಿ, ಗ್ರಾಮಸಭೆಯಲ್ಲಿ ಕೇಳಿ. ಜಗಳ ಬೇಡ, ಠರಾವು ಬೇಕು. ‘ಅನುದಾನ ಇಲ್ಲ’ ಎನ್ನುವವರು ಅದನ್ನೇ ನಡಾವಳಿಯಲ್ಲಿ ಬರೆಸಲಿ.

ಅರ್ಜಿಯಲ್ಲಿ ಎರಡೇ ಬೇಡಿಕೆ ಇರಲಿ. ಬೇಸಿಗೆಯಲ್ಲೂ ತುಂಗಭದ್ರೆಯ ನೀರು ನಿಮ್ಮೂರಿಗೆ ತಲುಪಬೇಕು, ಅದು ಖಾಯಂ ಪರಿಹಾರ. ಅಲ್ಲಿಯವರೆಗೆ ಕೆಟ್ಟ ಘಟಕ ದುರಸ್ತಿಯಾಗಬೇಕು. ಹೊಸದು ಕಟ್ಟಲು ಎಲ್ಲರಿಗೂ ಉತ್ಸಾಹ, ನೀರು ಸೋಸುವ ಪೊರೆ (ಮೆಂಬ್ರೇನ್) ಬದಲಿಸಲು, ಕರೆಂಟ್ ಬಿಲ್ ಕಟ್ಟಲು ಯಾರೂ ಮುಂದೆ ಬರುವುದಿಲ್ಲ. ಘಟಕಗಳು ಬೀಗ ಹಾಕಿಕೊಂಡು ನಿಲ್ಲುವುದು ಇದರಿಂದಲೇ. ಕ್ಯಾನಿನ ದರ ಎಷ್ಟು, ಆ ರೊಕ್ಕ ಯಾವ ಖಾತೆಗೆ, ರಿಪೇರಿ ಯಾರ ಹೊಣೆ ಎಂಬುದನ್ನೂ ಠರಾವಿನಲ್ಲೇ ಸೇರಿಸಿ. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು. ಆ ಜಾಗ ಬಿಟ್ಟುಕೊಡಬೇಡಿ.

ಅರ್ಜಿ ಪಿಡಿಒ ಹೆಸರಿಗಿರಲಿ. ಪ್ರತಿಗಳು ತಾಲ್ಲೂಕು ಪಂಚಾಯಿತಿ ಇಒ, ಜಿಲ್ಲಾ ಪಂಚಾಯಿತಿ ಸಿಇಒ ಮತ್ತು ಗ್ರಾಮೀಣ ಕುಡಿಯುವ ನೀರು ವಿಭಾಗದ ಎಂಜಿನಿಯರಿಗೆ ಹೋಗಲಿ. ಎಲ್ಲದಕ್ಕೂ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಪ್ರಶ್ನೆ: ನಮ್ಮ ಯುವಕ ಮಂಡಳ ಶಾಲೆಗೆ ನೀರಿನ ಫಿಲ್ಟರ್ ಹಾಕಿಸಲು ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಕೇಳಬಹುದೇ?
– ಓದುಗರು, ಬ್ಯಾಡಗಿ

ಉತ್ತರ: ಕೇಳಬಹುದು. 2013ರ ಕಂಪನಿ ಕಾಯ್ದೆಯ ಪಟ್ಟಿಯಲ್ಲಿ ಶುದ್ಧ ಕುಡಿಯುವ ನೀರೂ ಇದೆ. ಆದರೆ ಈ ಹಣದಲ್ಲಿ ಕೆಲಸ ಮಾಡುವ ಸಂಸ್ಥೆಗಳು ಮಾಡಿಸಬೇಕಾದ ಸಿಎಸ್‌ಆರ್-1 ನೋಂದಣಿ ಇಲ್ಲದ ಮಂಡಳದ ಕೈಗೆ ಕಂಪನಿ ಈ ಹಣ ಕೊಡಲಾರದು. ನೋಂದಣಿ ಇರುವ ಟ್ರಸ್ಟ್ ಒಂದರ ಜೊತೆ ಸೇರಿ, ಮುಖ್ಯೋಪಾಧ್ಯಾಯರ ಮತ್ತು ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಒಪ್ಪಿಗೆ ಪತ್ರ ಲಗತ್ತಿಸಿ. ನೀರಿನ ವರದಿ ನೋಡದೆ ಯಂತ್ರ ಆರಿಸಬೇಡಿ. ಬರೀ ಕೆಸರು, ಕ್ರಿಮಿಯ ತೊಂದರೆಗೆ ಆರ್‌ಒ (ಪೊರೆಯಿಂದ ಲವಣ ಸೋಸುವ ಯಂತ್ರ) ಬೇಕಾಗಿಯೇ ಇಲ್ಲ, ಅದು ಬಹಳ ನೀರನ್ನು ಸುಮ್ಮನೆ ಹೊರಗೆ ಬಿಡುತ್ತದೆ.