ಕತ್ತಿನ ಲೈನ್‌ನಿಂದಲೂ ಕೈಯಿಂದಲೂ ರಕ್ತ ಯಾಕೆ?
ಬೆಂಗಳೂರಿನ ಐಸಿಯುನಲ್ಲಿರುವ ನಿಮ್ಮ ತಂದೆಗೆ ಚಳಿಜ್ವರ ಬಂದಾಗ ಕತ್ತಿನ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ) ಮತ್ತು ಕೈ, ಎರಡೂ ಕಡೆಯಿಂದ ಕಲ್ಚರ್ ಪರೀಕ್ಷೆಗೆ (ಬಾಟಲಿಯಲ್ಲಿಟ್ಟ ರಕ್ತದಲ್ಲಿ ರೋಗಾಣು ಬೆಳೆಯುತ್ತದಾ ಅಂತ ನೋಡುವುದು) ರಕ್ತ ತೆಗೆದದ್ದು ಬಿಲ್ ಏರಿಸೋಕಾ ಅಂತ ಕೇಳಿದ್ದೀರಿ. ಅಲ್ಲ, ಅದೇ ಸರಿಯಾದ ಕ್ರಮ. ಆ್ಯಂಟಿಬಯಾಟಿಕ್ ಶುರುವಾಗುವ ಮುಂಚೆಯೇ ಎರಡು ಕಡೆಯಿಂದಲೂ ಸಮ ಪ್ರಮಾಣದಲ್ಲಿ, ಬಾಟಲಿಗೆ 8–10 ಎಂ.ಎಲ್. ರಕ್ತ ತೆಗೆಯಬೇಕು. ಲೈನ್‌ನ ಬಾಟಲಿಯಲ್ಲಿ ಅದೇ ರೋಗಾಣು ಕೈಯದ್ದಕ್ಕಿಂತ ಕನಿಷ್ಠ 2 ಗಂಟೆ ಮೊದಲು ಬೆಳೆದರೆ, ಸೋಂಕಿನ ಮೂಲ ಬಹುಮಟ್ಟಿಗೆ ಲೈನೇ. ವರದಿಯಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ (ಒಂದು ಬ್ಯಾಕ್ಟೀರಿಯಾ) ಅಥವಾ ಕ್ಯಾಂಡಿಡಾ (ಒಂದು ಶಿಲೀಂಧ್ರ) ಅಂತ ಬಂದು, ಡಾಕ್ಟರ್ ಲೈನ್ ತೆಗೆಯೋಣ ಅಂದರೆ ದಯವಿಟ್ಟು ತಡಮಾಡಬೇಡಿ. ಕೊಳವೆಯ ಗೋಡೆಗೆ ಅಂಟಿದ ರೋಗಾಣುಗಳ ಲೋಳೆಪದರದೊಳಗೆ ಔಷಧಿ ಸರಿಯಾಗಿ ಇಳಿಯುವುದಿಲ್ಲ. ನೋಡಲು ಹೋದಾಗ ಗಮನಿಸಿ: ಇಂಜೆಕ್ಷನ್‌ಗೆ ಮುನ್ನ ಲೈನ್‌ನ ಬಾಯನ್ನು ಸ್ಪಿರಿಟ್ ಸ್ವಾಬ್‌ನಿಂದ 15 ಸೆಕೆಂಡ್ ಉಜ್ಜಿ, ಒಣಗಲು ಬಿಡುತ್ತಾರಾ? ಲೈನ್ ಮೇಲಿನ ಪಾರದರ್ಶಕ ಪಟ್ಟಿಯ ಅಂಚು ಎದ್ದಿದ್ದರೆ, ವಾಡಿಕೆಯ 7 ದಿನ ಕಾಯದೆ ಆಗಲೇ ಬದಲಿಸಲು ಸಿಸ್ಟರ್‌ಗೆ ಹೇಳಿ.