ಎಲ್ಲಾ ಫೋನಿನಲ್ಲೇ ಸಿಗುವಾಗ ಮಗನನ್ನು ಲೈಬ್ರರಿಗೆ ಯಾಕೆ ಕರೆದುಕೊಂಡು ಹೋಗಬೇಕು?

ನೀವು ಥಾಣೆಯಲ್ಲಿ ಇದ್ದೀರಿ, ಮಗ ಇಂಗ್ಲಿಷ್ ಮೀಡಿಯಂ, ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ ಎಂದು ಬರೆದಿದ್ದೀರಿ. ಫೋನಿನಲ್ಲಿ ಎಲ್ಲಾ ಇರುವಾಗ, ಪುಸ್ತಕಕ್ಕೆ ಸೀಲು ಹೊಡೆಯುವುದು ಬಿಟ್ಟು ಲೈಬ್ರೇರಿಯನ್ ಇನ್ನೇನು ಮಾಡುತ್ತಾರೆ ಅಂತಲೂ ಕೇಳಿದ್ದೀರಿ.

ನಾನು ಮುಂಬೈಯ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಭಾನುವಾರ ಒಂದು ಕನ್ನಡ ಸಂಘದ ಪುಸ್ತಕದ ಕಪಾಟು ನೋಡಿಕೊಳ್ಳುವವರಿಗೆ ಕೈಜೋಡಿಸುತ್ತೇನೆ. ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಆರನೇ ಕ್ಲಾಸಿನ ಒಬ್ಬಳು ಹುಡುಗಿ ಅಪ್ಪನ ಜೊತೆ ಬಂದಿದ್ದಳು. ಅಪ್ಪನಿಗೆ ದೊಡ್ಡ ಕಾದಂಬರಿಯೇ ಬೇಕು, "ಓದಿದರೆ ತಾನಾಗಿ ಬರುತ್ತೆ" ಎನ್ನುತ್ತಿದ್ದರು. ಕಪಾಟು ನೋಡಿಕೊಳ್ಳುವ ನಮ್ಮ ಹಿರಿಯರು ಅವರಿಗೆ ಉತ್ತರ ಕೊಡದೆ ಹುಡುಗಿಯನ್ನೇ ಕೇಳಿದರು: "ಅಜ್ಜಿ ಹೇಳಿದ ಯಾವ ಕಥೆ ನಿನಗೆ ಚೆನ್ನಾಗಿ ಗೊತ್ತಿದೆ ಪುಟ್ಟಿ?" ಮಂಗ ಮೊಸಳೆಯದು ಎಂದಳು. ಅದೇ ಕಥೆಯ ತೆಳ್ಳಗಿನ ಪುಸ್ತಕ ಹುಡುಕಿ ಕೊಟ್ಟರು. ಅವಳು ಬೆರಳಿಟ್ಟು ಓದುತ್ತಾ 'ಹಣ್ಣು' ಅನ್ನುವಲ್ಲಿ ನಿಂತಳು. ಮರಾಠಿಯಲ್ಲಿ ಅಕ್ಕಪಕ್ಕ ಬರೆಯುವ ಎರಡನೇ ಅಕ್ಷರ ಇಲ್ಲಿ ಕೆಳಗೆ ಒತ್ತಾಗಿ ಕೂತಿತ್ತು. ಯಾರೂ ಹೇಳಿಕೊಡಲಿಲ್ಲ. ಮಂಗ ಮೊಸಳೆಗೆ ಏನು ಕೊಡುತ್ತೆ ಅಂತ ಅವಳಿಗೆ ಗೊತ್ತಿತ್ತಲ್ಲ, "ಹಣ್ಣು!" ಅಂತ ತಾನೇ ಹೇಳಿದಳು. ಆಮೇಲೆ ಬಂದ ಒತ್ತಕ್ಷರಗಳಿಗೆ ಅಷ್ಟು ಹೆದರಲಿಲ್ಲ.

ಲೈಬ್ರೇರಿಯನ್ನರ ಕೆಲಸ ಇದೇ. ಎದುರಿಗೆ ನಿಂತಿರುವ ಓದುಗ ಯಾರು ಅಂತ ತಿಳಿದುಕೊಂಡು ಅವರಿಗೆ ತಕ್ಕ ಪುಸ್ತಕ ಕೊಡುವುದು. ಎಸ್. ಆರ್. ರಂಗನಾಥನ್ 1931ರಲ್ಲೇ ಇದನ್ನು ಸೂತ್ರ ಮಾಡಿ ಬರೆದರು: ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ. ಅವರು ಗಣಿತದ ಮೇಷ್ಟ್ರಾಗಿದ್ದವರು, 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಅವರ ಹುಟ್ಟುಹಬ್ಬ ಆಗಸ್ಟ್ 12ನ್ನು ನಾವು ಗ್ರಂಥಪಾಲಕರ ದಿನ ಎಂದು ಆಚರಿಸುತ್ತೇವೆ. ಓದುಗನ ಸಮಯ ಉಳಿಸಿ ಅನ್ನುವುದೂ ಅವರ ಐದು ಸೂತ್ರಗಳಲ್ಲಿ ಒಂದು. ಲೋಕಲ್ ಟ್ರೈನಿನಲ್ಲಿ ಅರ್ಧ ದಿನ ಕಳೆಯುವ ನಮ್ಮ ಊರಿಗೆ ಇದಕ್ಕಿಂತ ಬೇಕಾದ ಸೂತ್ರ ಇಲ್ಲ.

ಫೋನು ಬೇಡ ಅಂತ ನಾನು ಹೇಳುತ್ತಿಲ್ಲ. ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಪುಕ್ಕಟೆ ಸಿಗುತ್ತವೆ, ಓದುವ ಹಂತಗಳಾಗಿ ವಿಂಗಡಿಸಿಯೂ ಇಟ್ಟಿದ್ದಾರೆ. ಆದರೆ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನು ನೆಟ್ಟಿನಲ್ಲಿ ಹುಡುಕಿ ನೋಡಿ. ಎಷ್ಟೋ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಮನಸ್ಸಿಗೆ ಬಂದಂತೆ ಬರೆದಿರುತ್ತಾರೆ. ಪುಸ್ತಕ ಅಲ್ಲೇ ಇರುತ್ತೆ, ಹುಡುಕಿದರೆ ಸಿಗಲ್ಲ. ಕ್ಯಾಟಲಾಗು ಸರಿಯಿಲ್ಲದಿದ್ದರೆ ಪುಸ್ತಕ ಕಳೆದುಹೋದಂತೆಯೇ. ಸೀಲು ಹೊಡೆಯುವ ಕೈಯೇ ಆ ಕ್ಯಾಟಲಾಗನ್ನೂ ಬರೆಯುವುದು.

ಮತ್ತೆ, ಮಾತು ಬರುತ್ತದಲ್ಲ, ಓದು ಯಾಕೆ? ನಮ್ಮ ಮನೆಗಳಲ್ಲಿ ಮಕ್ಕಳ ಕಿವಿಗೆ ಬೀಳುವ ಕನ್ನಡ ಎಷ್ಟು? ಊಟ ಆಯ್ತಾ, ಸ್ನಾನ ಮಾಡು, ಬೇಗ ಮಲಗು. ಬೇಸರ, ಅಸೂಯೆ, ನ್ಯಾಯ, ಜಗಳ ಇವನ್ನೆಲ್ಲ ಹೇಳಬೇಕಾದಾಗ ಮಗು ಹಿಂದಿಗೋ ಇಂಗ್ಲಿಷಿಗೋ ಜಾರುತ್ತೆ. ಆ ಮಾತುಗಳು ಕಥೆಯಲ್ಲಿವೆ. ನನಗೆ ಇದು ನಿಜಕ್ಕೂ ಸಂಕಟದ ವಿಷಯ.

ನಿಮ್ಮ ಮಗನಿಗೆ ಒಂದು ಅನುಕೂಲ ಇದೆ. ಶಾಲೆಯಲ್ಲಿ ಮರಾಠಿ ಕಲಿಯುತ್ತಿರುತ್ತಾನೆ ಅಲ್ವಾ? ಅದರ ಬಾರಾಖಡಿಯೂ ನಮ್ಮ ಕಾಗುಣಿತವೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಹೋಗುತ್ತವೆ. ಆಕಾರ ಬೇರೆ, ಅಷ್ಟೇ. ಸುಮ್ನೆ ಮೊದಲಿಂದ ಶುರು ಮಾಡಬೇಕಾಗಿಲ್ಲ.

ಥಾಣೆಯಲ್ಲೇ 1893ರಲ್ಲಿ ಶುರುವಾದ ಮರಾಠಿ ಗ್ರಂಥ ಸಂಗ್ರಹಾಲಯ ಇದೆ, ಮರಾಠಿ ಓದಿಗೆ ಅಲ್ಲಿಗೂ ಕರೆದುಕೊಂಡು ಹೋಗಿ. ಕನ್ನಡಕ್ಕೆ ಹತ್ತಿರದ ಸಂಘದಲ್ಲಿ ವಿಚಾರಿಸಿ. ವಿಷಯಕ್ಕೊಂದು ನಂಬರು ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯ ಲೈಬ್ರರಿಯಾದರೆ ಕನ್ನಡ ಸಾಹಿತ್ಯದ ನಂಬರು 894.814. ಕೌಂಟರಿನಲ್ಲಿ "ಒಳ್ಳೆಯ ಪುಸ್ತಕ ಕೊಡಿ" ಅನ್ನಬೇಡಿ. ಮಗನ ವಯಸ್ಸು, ಅವನು ಕೇಳಿ ಖುಷಿಪಟ್ಟ ಕಥೆ, ತಾನೇ ಓದುತ್ತಾನೋ ನೀವು ಓದಿ ಹೇಳುತ್ತೀರೋ, ಇಷ್ಟು ಹೇಳಿ. ಪುಸ್ತಕ ಅರ್ಧಕ್ಕೇ ಬಿಟ್ಟರೆ ಯಾವ ಪುಟದಲ್ಲಿ ಬಿಟ್ಟ ಅನ್ನುವುದನ್ನೂ ವಾಪಸ್ ಕೊಡುವಾಗ ತಿಳಿಸಿ. ಮುಂದಿನ ಪುಸ್ತಕ ಆರಿಸಲು ನಮಗೆ ಬೇಕಾಗಿರುವುದು ಅದೇ.